ಮೂರು ಗಂಟೆಯ ತೂಕ

ದಿನವೂ ಮಧ್ಯಾಹ್ನ ಮೂರು ಗಂಟೆಯಿಂದ ಹತ್ತು ನಿಮಿಷ ಎಲ್ಲದರ ತೂಕವೂ ಇಮ್ಮಡಿಯಾಗುವುದು ಹುಬ್ಬಳ್ಳಿಯವರಿಗೆ ರೂಢಿಯಾಗಿಹೋಗಿತ್ತು. ಆ ಹೊತ್ತಿಗೆ ಊರೆಲ್ಲ ಚಾಪೆ ಹಾಸಿ ಮಲಗುತ್ತಿತ್ತು. ಆಸ್ಪತ್ರೆಯ ಡಯಾಲಿಸಿಸ್ ಕೋಣೆಯ ನರ್ಸುಗಳು ಮಾತ್ರ ರೋಗಿಗಳ ಪಕ್ಕದಲ್ಲಿ ನಿಂತೇ ಇರಬೇಕು. ಹೋದ ತಿಂಗಳು ಅಲ್ಲಿಯ ಎತ್ತರಿಸಿದ ನೆಲದ ಹಲಗೆ ಮುರಿದು, ಒಬ್ಬ ನರ್ಸಿನ ಕಾಲು ಅಡಿಯ ಪೈಪುಗಳ ನಡುವೆ ಸಿಕ್ಕಿಕೊಂಡಿತ್ತು.

ಹೊಸ ಹಲಗೆ ಆರಿಸುವ ಹೊಣೆ ಹೆಡ್ ನರ್ಸ್ ಸುಲೋಚನಾ ಕಟ್ಟಿಮನಿಯವರದು. ಹಲಗೆ ಮಾರುವ ಮೌನೇಶ ಬಡಿಗೇರ ಮೂರು ಬಗೆ ತಂದು ಜೋಡಿಸಿದ: ಮರದ್ದು, ಬರೀ ಉಕ್ಕಿನದು, ಸಿಮೆಂಟು ತುಂಬಿದ ಉಕ್ಕಿನದು.

"ಮುಂಜಾನೆನ ತೂಕ ಇಟ್ಟು ನೋಡೀನ್ರೀ. ಮೂರೂ ಗಟ್ಟಿ ಅದಾವು."

"ಮುಂಜಾನೆ ನಾನೂ ಗಟ್ಟಿನ ಇರ್ತೀನಪಾ. ಮೂರಕ್ಕ ನಿಂತು ನೋಡ್ತೀನಿ."

ಮೂರಾಯಿತು. ಸೆರಗು ಕಲ್ಲು ಕಟ್ಟಿದಂತೆ ಜಗ್ಗಿತು. ಸುಲೋಚನಾ ಹತ್ತಿ ನಿಂತಾಗ ಮರದ ಹಲಗೆ ನರಳಿತು, ಬರೀ ಉಕ್ಕಿನದು ನಡುವೆ ತಗ್ಗಿತು. ಕೊನೆಗೆ ಸಿಮೆಂಟು ತುಂಬಿದ ಮೂರನೆಯದರ ಮೇಲೆ ಕಾಲಿಟ್ಟರು.

ಅಲ್ಲೇ ಚಾಪೆಯ ಮೇಲೆ ಮಲಗಿದ್ದ ಮೌನೇಶ ಅದನ್ನು ನೋಡಿದ. ಗೋಡೆ ಹಿಡಿದು ಎದ್ದು ಬಂದು, ಅದೇ ಹಲಗೆಯ ಮೇಲೆ ನಿಂತು ಅವರಿಗೆ ತೋಳು ಕೊಟ್ಟ.

"ನೀ ಯಾಕ ಎದ್ದೆಪಾ?"

"ರೋಗಿಗೆ ತ್ರಾಸಾದ್ರ ಇಬ್ಬರು ಓಡಿ ಬರ್ತೀರಲ್ರೀ ಅಕ್ಕಾರ. ಇಬ್ಬರ ಭಾರಾನೂ ನೋಡೂಣು."

ಹಲಗೆ ಅಲುಗಲಿಲ್ಲ. ತೂಕ ಇಳಿಯುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.