ಜೇಬಿನಲ್ಲಿದ್ದ ಫ್ಯೂಸ್

ಹದಿಮೂರು ದಿನ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಶ್ರೀವಿದ್ಯಾ ಎಂದಿನಂತೆ ಐದೂವರೆಗೆ ಎದ್ದಳು. ಪಾತ್ರೆ ತೊಳೆದಳು. ನೆಲ ಒರೆಸಿದಳು. ಒಂದೇ ಲೋಟ ಕಾಫಿ ಮಾಡಿಕೊಂಡಳು. ಆಮೇಲೆ ಆಸ್ಪತ್ರೆಯವರು ಕೊಟ್ಟಿದ್ದ ಪೊಟ್ಟಣವನ್ನು ಮೊದಲ ಸಲ ಬಿಚ್ಚಿದಳು. ಗಂಡನ ಗಡಿಯಾರ, ಉಂಗುರ, ಕಂಪನಿಯ ಕಾರ್ಡು. ಬಿಳಿ ಪಿಂಗಾಣಿಯ ಒಂದು ಫ್ಯೂಸ್.

ಫೋನು ಬಡಿದುಕೊಂಡಿತು.

"ಚೆಪ್ಪಂಡಿ," ಎಂದಳು, ಹೈದರಾಬಾದಿನ ರೂಢಿಯಂತೆ ತೆಲುಗಿನಲ್ಲಿ.

"ಅತ್ತಿಗೆ, ನಾನು ತಾರಾ." ಮೈಸೂರಿನಿಂದ ನಾದಿನಿ. "ನೀವು ಫೋನ್ ಎತ್ತಿದಾಗೆಲ್ಲ ರಾಂಗ್ ನಂಬರ್ ಅಂತ ಇಡೋಕೆ ಹೋಗ್ತೀನಿ." ಆಮೇಲೆ, "ಆ ಲಿಂಗಣ್ಣನನ್ನ ಮಾತ್ರ ಬಿಡಬೇಡಿ. ನಮ್ಮಣ್ಣನ್ನ ಕೊಂದೋನು ಜೈಲಿಗೆ ಹೋಗಲಿ," ಎಂದಳು.

"ಇವತ್ತು ಎಳ್ಳುದಿನ್ನಿಗೇ ಹೊರಟಿದ್ದೀನಿ. ಆ ಊರವರ ಸಾಮಾನೊಂದು ಇಲ್ಲಿ ಉಳಿದಿದೆ. ಕೊಟ್ಟು ಬರಬೇಕು."

ಪದ್ಮನಾಭ ಐದು ದಿನ ಹೈದರಾಬಾದಿನ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಿದ್ದ. ಶನಿವಾರ ನಸುಕಿನ ಬಸ್ಸು ಹಿಡಿದು ರಾಯಚೂರಿನಾಚೆಯ ಎಳ್ಳುದಿನ್ನಿಗೆ ಹೋಗುತ್ತಿದ್ದ. ಆ ಊರಿಗೆ ಕುಡಿಯುವ ನೀರು ತಂದವನು ಅವನೇ: ಬಾವಿ, ಮೋಟರು, ಟ್ಯಾಂಕು, ಹನ್ನೆರಡು ನಲ್ಲಿ. ಯುಗಾದಿ ಕಳೆದ ಮೇಲೆ ಕೆಲಸ ಬಿಟ್ಟು ಹೆಂಡತಿಯೊಂದಿಗೆ ಅಲ್ಲೇ ನೆಲೆಸುವುದೆಂದು ತೀರ್ಮಾನಿಸಿದ್ದ. ಹೆಂಡತಿಗೆ ಅದು ಗೊತ್ತಾದದ್ದು ಊರಿಗೆಲ್ಲ ಗೊತ್ತಾದ ಮೇಲೆ. ಅವಳು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ರ‍್ಯಾಂಕ್ ಪಡೆದವಳು. ಅವನಿಗಾಗಿ ಮೈಸೂರಿನ ಕೆಲಸ ಬಿಟ್ಟು ಬಂದು, ಅಮೀರ್‌ಪೇಟೆಯಲ್ಲಿ ಇನ್ನೊಂದು ಸಿಗುವವರೆಗೆ ಎರಡು ವರ್ಷ ಅಲೆದಿದ್ದಳು.

ಎಳ್ಳುದಿನ್ನಿಯಲ್ಲಿ ಒಂದು ಕಟ್ಟುಪಾಡಿತ್ತು. ಅಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಆದ್ದರಿಂದ ಬಾವಿಗಿಳಿಯುವವನು ನೀರು ಬಿಡುವ ಲಿಂಗಣ್ಣನಿಂದ ಮೋಟರಿನ ಫ್ಯೂಸ್ ಇಸಿದುಕೊಂಡು, ಜೇಬಿಗೆ ಹಾಕಿಕೊಂಡೇ ಇಳಿಯಬೇಕು; ಅದಿಲ್ಲದೆ ಮೋಟರಿಗೆ ಕರೆಂಟು ಹರಿಯದು. ಮೇಲೆ ಬಂದು ಹಿಂದಿರುಗಿಸಬೇಕು. ಸಾಯುವ ಹಿಂದಿನ ವಾರ ಪದ್ಮನಾಭ ಹಿಂದಿರುಗಿಸಲು ಮರೆತು ಅದನ್ನು ಹೈದರಾಬಾದಿಗೇ ತಂದುಬಿಟ್ಟ. ಕೊನೆಯ ಶನಿವಾರವೂ ಮೇಜಿನ ಮೇಲೆ ಬಿಟ್ಟು ಹೊರಟಿದ್ದ. ಶ್ರೀವಿದ್ಯಾ ಮೂರು ಮಹಡಿ ಇಳಿದು, ಓಡಿಹೋಗಿ ಅವನ ಜೇಬಿಗೆ ಹಾಕಿ ಬಂದಿದ್ದಳು.

ಅದು ಜೇಬಿನಲ್ಲಿದ್ದಾಗಲೇ ಬಾವಿಯೊಳಗೆ ಅವನಿಗೆ ಕರೆಂಟು ಹೊಡೆದಿತ್ತು.

ಅವಳು ಎಳ್ಳುದಿನ್ನಿ ತಲುಪಿದಾಗ ಮಧ್ಯಾಹ್ನ. ಲಿಂಗಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಪಂಚಾಯಿತಿಯವರು ಅವನನ್ನು ಕೆಲಸದಿಂದ ತೆಗೆದಿದ್ದರು. ಅವನ ಹೆಂಡತಿ ಗದಿಗೆಮ್ಮ ತಂಬಿಗೆ ತಂದಿಟ್ಟಳು.

"ಕುಡೀರಿ ಅಮ್ಮಾರ. ನಿಮ್ಮ ಸಾಹೇಬ್ರು ತಂದ ನೀರು."

ಶ್ರೀವಿದ್ಯಾ ಕುಡಿದಳು.

"ಫ್ಯೂಸ್ ಸಾಹೇಬ್ರ ಜೋಡಿ ಹೋಗಿತ್ತರಿ," ಎಂದ ಲಿಂಗಣ್ಣ, ತಲೆ ಎತ್ತದೆ. "ಎಂಟು ದಿನ ಊರು ನೀರಿಲ್ಲದ ಕೂಡ್ತೈತೇನ್ರಿ? ಫ್ಯೂಸಿನ ಜಾಗದಾಗ ವೈರಿನ ತುಂಡು ಕಟ್ಟಿ ಡೈರೆಕ್ಟ್ ಮಾಡಿದ್ದೆ. ಶನಿವಾರ ನಾ ಬರೂದ್ರೊಳಗ ಸಾಹೇಬ್ರು ಇಳಿದಿದ್ರು. ಕರೆಂಟ್ ಬಂತು."

"ಅವರಿಗೆ ಹೇಳಬೇಕಿತ್ತು."

"ಹೇಳೀನ್ರಿ." ಅಂಗಿಯ ಒಳಜೇಬಿನಿಂದ ಫೋನ್ ಬೂತಿನ ಚೀಟಿಯೊಂದನ್ನು ತೆಗೆದ. "ಶುಕ್ರವಾರ ನಿಮ್ಮ ಮನೀಗೆ ಫೋನ್ ಹಚ್ಚಿದ್ದೆ. ಕೆಲಸದಾಕಿ ಎತ್ತಿದ್ಲು, ತೆಲುಗಿನಾಕಿ. ವೈರ್ ಕಟ್ಟೀನಿ, ಸಾಹೇಬ್ರು ಬೋರ್ಡ್ ನೋಡದ ಬಾವೀಗೆ ಇಳೀಬಾರದು ಅಂತ ತೆಲುಗಿನಾಗ ಎರಡು ಸಲ ಹೇಳಿದೆ. 'ಸರೆ, ಚೆಪ್ತಾನು' ಅಂದ್ಲು. ಹೇಳಲಿಲ್ಲೇನ್ರಿ ಆಕಿ?"

"ಅವರಿಗೆ ಆ ಮಾತು ಮುಟ್ಟಲಿಲ್ಲ."

"ನಾ ಹೇಳಿದ್ರ ಯಾರೂ ನಂಬವಲ್ರು."

ಗದಿಗೆಮ್ಮ ಅವಳ ಕಾಲ ಬಳಿ ಕೂತಳು. "ನಾಳೆ ಪೊಲೀಸರು ಬರ್ತಾರಂತ. ಆಕೀನ್ನ ಕರಕೊಂಡು ಬರ್ರಿ, ಅಮ್ಮಾರ. ಆಕಿ ಒಂದು ಮಾತು ಹೇಳಿದ್ರ ಈತ ಉಳೀತಾನ. ನಿಮಗಾದದ್ದು ನನಗ ಆಗೂದು ಬ್ಯಾಡ್ರಿ."

ಶ್ರೀವಿದ್ಯಾ ಬಹಳ ಹೊತ್ತು ಅವಳ ಹಣೆಯ ಕುಂಕುಮವನ್ನೇ ನೋಡಿದಳು.

"ಆಕೆ ಈಗ ಇಲ್ಲ. ಎಲ್ಲಿದ್ದಾಳೆ ಅಂತ ವಿಚಾರಿಸ್ತೀನಿ," ಎಂದಳು. "ಚೀಟಿ ನನ್ನ ಹತ್ತಿರ ಇರಲಿ. ಪೊಲೀಸರ ಹತ್ತಿರ ನಾನೇ ಮಾತಾಡ್ತೀನಿ."

ಲಿಂಗಣ್ಣ ಚೀಟಿ ಕೊಟ್ಟು ಕೈಮುಗಿದ. ಅದರಲ್ಲಿ ತಾರೀಖು, ಅವಳ ಮನೆಯ ನಂಬರು, ನಾಲ್ಕು ನಿಮಿಷ. ಅವಳು ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. ಆಮೇಲೆ ಫ್ಯೂಸ್ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನಿಮ್ಮದು," ಎಂದಳು.

ಹೈದರಾಬಾದಿನ ಅವಳ ಮನೆಯಲ್ಲಿ ಕೆಲಸದವಳು ಯಾವತ್ತೂ ಇರಲಿಲ್ಲ.