ಶೂ ಡಬ್ಬಿಯ ಬುತ್ತಿ

ಕಾರಿನ ಗಾಜನ್ನು ಯಾರೋ ಊರುಗೋಲಿನಿಂದ ಟಕಟಕ ಕುಟ್ಟಿದಾಗ ವರ್ಲೀನಳ ಗಂಟಲಲ್ಲಿ ಕೋಳಿ ತುಂಡು ಸಿಕ್ಕಿಕೊಂಡಿತು. ತಿರುಗಿ ನೋಡಿದರೆ ಮಿಸ್ ಹೆಟ್ಟಿ! ಅಮೆರಿಕದ ಮಿಸಿಸಿಪಿಯ ಈ ಮೂಲೆಯಲ್ಲಿ ಕಪ್ಪು ಜನರ ಪರವಾಗಿ ಎದ್ದು ನಿಂತು ವಾದಿಸಿದ ಮೊದಲ ವಕೀಲೆ. ಚಿಕ್ಕವಳಿದ್ದಾಗ ಕೋರ್ಟಿನ ಮೇಲಟ್ಟದಲ್ಲಿ, ಕಪ್ಪು ಜನರಿಗೆಂದೇ ಇಟ್ಟ ಬೆಂಚಿನಲ್ಲಿ ಕೂತು ಆ ವಾದ ಕೇಳಿದ್ದ ವರ್ಲೀನ್, ಬೆಳೆದು ಇವರ ಹಾಗೇ ಆಗಬೇಕು ಎಂದು ಹಟ ಹಿಡಿದಿದ್ದಳು. ಈಗ ಅದೇ ಕೋರ್ಟಿನಲ್ಲಿ ತಾನೂ ವಕೀಲೆ.

"ಇಲ್ಲೇನೇ ಮಾಡ್ತಿದ್ದೀಯ?"

"ಊಟ, ಮಿಸ್ ಹೆಟ್ಟಿ. ನಿಮ್ಮ ಹಾಗೇ!" ತೊಡೆಯ ಮೇಲಿದ್ದ ಶೂ ಡಬ್ಬಿಯನ್ನು ಹೆಮ್ಮೆಯಿಂದ ತೋರಿಸಿದಳು. ಕೋರ್ಟಿನ ಎದುರಿನ ಹೋಟೆಲಿಗೆ ಕಪ್ಪು ಜನರನ್ನು ಬಿಡದಿದ್ದ ಕಾಲದಲ್ಲಿ ಮಿಸ್ ಹೆಟ್ಟಿ ಶೂ ಡಬ್ಬಿಯಲ್ಲಿ ಬುತ್ತಿ ತಂದು ಕಾರಿನಲ್ಲೇ ಉಣ್ಣುತ್ತಿದ್ದ ಕತೆ ಚರ್ಚಿನ ಮಕ್ಕಳಿಗೂ ಬಾಯಿಪಾಠ.

"ನಿನ್ನ ತಲೆ! ಕಾರಲ್ಲಿ ಉಣ್ಣೋದು ನನಗೇನು ವ್ರತವಾಗಿತ್ತಾ? ಒಳಗೆ ಬಿಡ್ತಿರಲಿಲ್ಲ, ಇಲ್ಲಿ ಉಂಡೆ. ಆ ಬಾಗಿಲು ತೆಗೆಸೋಕೆ ಕೇಸು ಹಾಕಿ ಗಂಟಲು ಹರ್ಕೊಂಡೆ. ನೀನು ನೋಡಿದ್ರೆ ಇಲ್ಲಿ ಕೂತು ಮೂಳೆ ಕಡೀತಿದ್ದೀಯ. ಏಳು, ಒಳಗೆ ಹೋಗು!"

ವರ್ಲೀನಳ ಮುಖ ಬಾಡಿತು. "ಹೋಗಿದ್ದೆ. ನಾನು ಕೂತ ತಕ್ಷಣ ಅಕ್ಕಪಕ್ಕದ ಬಿಳಿಯರೆಲ್ಲ ತಟ್ಟೆ ಬಿಟ್ಟು ಎದ್ದು ಹೋದ್ರು. ಬೈದಿದ್ರೆ ತಿರುಗಿಸಿ ಕೊಡ್ತಿದ್ದೆ. ಯಾರೂ ಬಾಯಿ ಬಿಡಲಿಲ್ಲ. ಅಷ್ಟು ದೊಡ್ಡ ಹಾಲ್‌ನಲ್ಲಿ ನಾನೊಬ್ಬಳೇ." ಕಣ್ಣು ಒರೆಸಿಕೊಂಡಳು. "ಮಿಸ್ ಹೆಟ್ಟಿ ಹೀಗೇ ಉಣ್ತಿದ್ರು ಅಂದ್ಕೊಂಡ್ರೆ ತುತ್ತು ಗಂಟಲಲ್ಲಿ ಇಳಿಯುತ್ತೆ. ಇಲ್ಲದಿದ್ರೆ ಈ ಕೋಟು ಕಳಚಿಟ್ಟು ಊರು ಬಿಡೋಣ ಅನ್ನಿಸುತ್ತೆ."

ಮುದುಕಿ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಶಾಲು ಸರಿಯಿತು. ಆಗ ವರ್ಲೀನಳಿಗೆ ಕಂಡಿತು, ಅವರ ಕಂಕುಳಲ್ಲಿ ದಾರ ಕಟ್ಟಿದ ಹಳೇ ಶೂ ಡಬ್ಬಿ.

"ಅಯ್ಯೋ, ನೀವೂ ಇನ್ನೂ...? ಆ ಕೇಸು ಗೆದ್ದಿದ್ದೇ ನೀವಲ್ವಾ?"

ಮಿಸ್ ಹೆಟ್ಟಿ ರಸ್ತೆಯಾಚೆಯ ಆ ಬಾಗಿಲನ್ನೇ ನೋಡುತ್ತಾ ನಿಂತರು.

"ಗೆದ್ದೆ ಕಣೇ. ಒಬ್ಬಳೇ ಒಳಗೆ ಹೋಗೋಕೆ ಇವತ್ತಿನವರೆಗೂ ಧೈರ್ಯ ಬಂದಿಲ್ಲ."