ಚನ್ನವೀರಯ್ಯನವರ ಸಹಿ

ಮೂವತ್ತು ವರ್ಷ ಬ್ಯಾಂಕಿನಲ್ಲಿ ಊರವರ ಸಹಿ ತಾಳೆ ನೋಡಿದ ಚನ್ನವೀರಯ್ಯನವರು ತಮ್ಮ ಹಳೇ ಸ್ಕೂಟರ್ ಮಾರಿದರು. ಅದು ಕೊಂಡವನ ಹೆಸರಿಗೆ ಆಗುವ ತನಕ ಅವನು ಯಾರಿಗೆ ಗುದ್ದಿದರೂ ಪೊಲೀಸರು ಬರುವುದು ತಮ್ಮ ಮನೆಗೇ ಎಂದು ಹೆದರಿ, ಸಾರಿಗೆ ಕಚೇರಿಗೆ ತಾವೇ ಹೋದರು. ಬಾಗಿಲಲ್ಲೇ ಏಜೆಂಟ್ ದೊರೆಸ್ವಾಮಿ ಅಡ್ಡ ಬಂದ.

"ಫಾರಂ ನಂಗೆ ಕೊಟ್ಟು ಮನೆಗೆ ಹೋಗಿ ಸಾರ್. ಈ ಗಾಡಿ ತಗೊಂಡಾಗ್ಲೂ ಎಲ್ಲಾ ನಾನೇ ಅಲ್ವಾ ಮಾಡಿಸಿದ್ದು?"

"ನನ್ನ ಸಹಿ ನಾನೇ ಹಾಕ್ತೀನಪ್ಪ."

ಕೌಂಟರಿನಲ್ಲಿದ್ದಾಕೆಯ ಕಣ್ಣೆದುರೇ ಸಹಿ ಹಾಕಿದರು. ಆಕೆ ಆ ಸ್ಕೂಟರಿನ ಹದಿನೈದು ವರ್ಷದ ಹಿಂದಿನ ನೋಂದಣಿ ಕಡತ ಪಕ್ಕದಲ್ಲಿಟ್ಟುಕೊಂಡು ನೋಡಿದಳು.

"ತಾಳೆ ಆಗ್ತಿಲ್ಲ. ಓನರ್‌ನ ಕರ್ಕೊಂಡು ಬನ್ನಿ."

"ನಾನೇ ಓನರ್. ಆಧಾರ್ ನೋಡಿ."

"ಮುಖ ಸರಿ ಇದೆ ಸಾರ್. ಸಹಿ ಸರಿ ಇಲ್ಲ. ಇದರಲ್ಲಿರೋ ಥರಾನೇ ಬೇಕು."

"ನನ್ನ ಸಹಿಯಲ್ಲಿ ಇವತ್ತಿನವರೆಗೂ ಒಂದು ಚುಕ್ಕೆ ಬದಲಾಗಿಲ್ಲಮ್ಮ," ಎನ್ನುತ್ತ ಕಡತವನ್ನು ಎಳೆದುಕೊಂಡರು. ಅಲ್ಲಿ ಹೆಸರಿನ ಕೆಳಗೆ ಹಾವಿನ ಬಾಲದಂಥ ಗೆರೆಯೊಂದಿತ್ತು. ಅಂಥ ಗೆರೆಯನ್ನು ಅವರು ಜನ್ಮದಲ್ಲಿ ಎಳೆದವರಲ್ಲ.

ಕಡತವನ್ನು ಆಕೆಯತ್ತ ಹಿಂದಕ್ಕೆ ತಳ್ಳಿದರು. ಆಮೇಲೆ ಬಾಗಿಲಿನತ್ತ ನಡೆದರು.

"ದೊರೆಸ್ವಾಮಿ, ಒಂಚೂರು ಒಳಗೆ ಬಂದು ನನ್ನ ಸಹಿ ಹಾಕಿಕೊಡಪ್ಪ."